ಶಾಲೆಯ ಖಾತೆ, ಬಡತನದ ಖಾತೆ

ಪೂರ್ವ ಪ್ರಾಥಮಿಕ ಶಿಕ್ಷಣಕ್ಕೆ ಫ್ರಾನ್ಸ್ ಸರ್ಕಾರ ಜಿಡಿಪಿಯ ಸುಮಾರು ಶೇ 0.7ರಷ್ಟು ಹಣ ಖರ್ಚು ಮಾಡುತ್ತದೆ. ಅಮೆರಿಕದಲ್ಲಿ ಈ ಪ್ರಮಾಣ ಹೆಚ್ಚುಕಡಿಮೆ ಅದರ ಅರ್ಧ. ತಲಾ ಆದಾಯದಲ್ಲಿ ಅಮೆರಿಕವೇ ಮುಂದಿರುವುದರಿಂದ ಬೊಕ್ಕಸದ ಗಾತ್ರ ಈ ಅಂತರಕ್ಕೆ ಕಾರಣವಾಗಲಾರದು. ಎಳೆಯ ಮಕ್ಕಳಿಗಾಗಿ ಹಣ ಮೊದಲು ಯಾವ ಖಾತೆಯಿಂದ ಬಂತು ಎಂಬುದನ್ನು ನೋಡಿದರೆ ಕಾರಣ ತಿಳಿಯುತ್ತದೆ.

ಫ್ರಾನ್ಸ್‌ನಲ್ಲೂ ಆರಂಭವಾದದ್ದು ದಾನಧರ್ಮದಿಂದಲೇ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 1820ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ‘ಸಾಲ್ ದಾಜಿಲ್’ ಎಂಬ ಆಶ್ರಯಕೋಣೆಗಳು ತೆರೆದವು. ಮೆಟ್ಟಿಲುಮೆಟ್ಟಿಲಾದ ಬೆಂಚುಗಳ ಮೇಲೆ ಮಕ್ಕಳನ್ನು ಒತ್ತೊತ್ತಾಗಿ ಕೂರಿಸುತ್ತಿದ್ದರು. ಚಿತ್ರ ಬದಲಾದದ್ದು 1881ರಲ್ಲಿ. ಆ ವರ್ಷ ಜೂನ್ 16ರ ಕಾಯ್ದೆ ಸರ್ಕಾರಿ ಪ್ರಾಥಮಿಕ ಶಾಲೆಗಳ ಜೊತೆಗೇ ಈ ಆಶ್ರಯಕೋಣೆಗಳ ಶುಲ್ಕವನ್ನೂ ತೆಗೆದುಹಾಕಿತು. ಆಗಸ್ಟ್‌ನಲ್ಲಿ ಅವು ‘ಎಕೋಲ್ ಮಾತೆರ್ನೆಲ್’ ಎಂಬ ಶಾಲೆಗಳಾದವು. 1886ರ ಕಾಯ್ದೆ ಅವನ್ನು ಪ್ರಾಥಮಿಕ ಶಿಕ್ಷಣದ ಭಾಗವೆಂದು ಸಾರಿತು. 1889ರಲ್ಲಿ ಶಿಕ್ಷಕರ ಸಂಬಳದ ಹೊಣೆ ಸರ್ಕಾರದ ಮೇಲೆ ಬಿತ್ತು. ಕಟ್ಟಡ, ಸಹಾಯಕಿಯರ ಖರ್ಚು ಊರಿನ ಆಡಳಿತಕ್ಕೆ ಸೇರಿತು. ಮಕ್ಕಳು ಆಡುತ್ತಲೇ ಕಲಿಯಬೇಕೆಂದು ದಶಕಗಳ ಕಾಲ ಪಟ್ಟುಹಿಡಿದ ತಪಾಸಣಾಧಿಕಾರಿ ಪೋಲಿನ್ ಕೆರ್ಗೊಮಾರ್ ಅವರ ಹೆಸರೇ ಈ ಕಥೆಯಲ್ಲಿ ಹೆಚ್ಚು ಕೇಳಿಬರುತ್ತದೆ. ಆದರೆ ಶಾಲೆಗಳನ್ನು ಉಳಿಸಿದ್ದು ಸಂಬಳದ ಆ ನೀರಸ ಕಾಯ್ದೆ. ಒಮ್ಮೆ ನೌಕರರ ಪಟ್ಟಿಗೆ ಸೇರಿದ ಶಿಕ್ಷಕಿಯನ್ನು ಮುಂದಿನ ಬಜೆಟ್‌ನಲ್ಲಿ ಕೈಬಿಡುವುದು ಸುಲಭವಲ್ಲ.

ಅಮೆರಿಕದಲ್ಲಿ ಐದು ವರ್ಷದ ಮಕ್ಕಳ ಕಿಂಡರ್‌ಗಾರ್ಟನ್ 1873ರಲ್ಲೇ ಸೇಂಟ್ ಲೂಯಿಸ್ ನಗರದ ಸರ್ಕಾರಿ ಶಾಲೆಗೆ ಕಾಲಿಟ್ಟಿತು. ಅದಕ್ಕೂ ಚಿಕ್ಕ ಮಕ್ಕಳಿಗೆ ಕೇಂದ್ರ ಸರ್ಕಾರ ಕೈ ಬಿಚ್ಚಿದ್ದು ಸಂಕಟ ಬಂದಾಗ ಮಾತ್ರ. ಆರ್ಥಿಕ ಕುಸಿತದ ನಡುವೆ 1933ರಲ್ಲಿ ತೆರೆದ ಶಿಶುಶಾಲೆಗಳ ಒಂದು ಉದ್ದೇಶ ನಿರುದ್ಯೋಗಿ ಶಿಕ್ಷಕರಿಗೆ ಕೆಲಸ ಕೊಡುವುದು. ಎರಡನೇ ಮಹಾಯುದ್ಧದಲ್ಲಿ ಕಾರ್ಖಾನೆಗೆ ಹೋದ ತಾಯಂದಿರಿಗಾಗಿ ಲ್ಯಾನ್‌ಹ್ಯಾಮ್ ಕಾಯ್ದೆಯಡಿ ಕೇಂದ್ರಗಳು ನಡೆದವು. ಯುದ್ಧ ಮುಗಿಯಿತು, 1946ರಲ್ಲಿ ಹಣವೂ ನಿಂತಿತು.

1965ರ ‘ಹೆಡ್ ಸ್ಟಾರ್ಟ್’ ಕೂಡ ಅಧ್ಯಕ್ಷ ಲಿಂಡನ್ ಜಾನ್ಸನ್ ಸಾರಿದ ಬಡತನ ವಿರೋಧಿ ಸಮರದ ಅಂಗವಾಗಿ, ಬಡ ಮಕ್ಕಳ ಎಂಟು ವಾರಗಳ ಬೇಸಿಗೆ ಕಾರ್ಯಕ್ರಮವಾಗಿ ಶುರುವಾಯಿತು. ಮೊದಲ ಬೇಸಿಗೆಯಲ್ಲೇ ಐದು ಲಕ್ಷಕ್ಕೂ ಹೆಚ್ಚು ಮಕ್ಕಳು ಬಂದರು. ಈಗಿನ ನಿಯಮದಂತೆ ಖರ್ಚಿನ ಶೇ 80ರಷ್ಟು ಕೇಂದ್ರದ್ದು, ಉಳಿದದ್ದನ್ನು ಸ್ಥಳೀಯರು ಹೊಂದಿಸಬೇಕು. ಎಲ್ಲ ವರ್ಗದವರಿಗೂ ಬಾಗಿಲು ತೆರೆಯಬಹುದಾಗಿದ್ದ ಮಸೂದೆ 1971ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಅದು ಕುಟುಂಬದ ಪಾತ್ರವನ್ನು ಕುಗ್ಗಿಸುತ್ತದೆಂದು ಅಧ್ಯಕ್ಷ ನಿಕ್ಸನ್ ಡಿಸೆಂಬರ್‌ನಲ್ಲಿ ವಿಟೊ ಹಾಕಿದರು. 1979ರಲ್ಲಿ ಪ್ರತ್ಯೇಕ ಶಿಕ್ಷಣ ಇಲಾಖೆ ಹುಟ್ಟಿದಾಗ ಹೆಡ್ ಸ್ಟಾರ್ಟ್ ಅಲ್ಲಿಗೆ ಹೋಗದಂತೆ ತಡೆದವರಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರೂ ಇದ್ದರು. ಕಪ್ಪು ಜನರನ್ನು ಕಡೆಗಣಿಸಿದ್ದ ಶಾಲಾಡಳಿತಗಳ ಕೈಗೆ ಅದನ್ನು ಒಪ್ಪಿಸಲು ಅವರು ಸಿದ್ಧರಿರಲಿಲ್ಲ. ಅವರ ಶಂಕೆಗೆ ಆಧಾರವಿತ್ತು. ಆದರೆ ಬಡವರ ಯೋಜನೆ ಬಡವರದ್ದಾಗಿಯೇ ಉಳಿಯಿತು. ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಎಂದು ಹೊರಟ ಜಾರ್ಜಿಯಾ ರಾಜ್ಯ 1990ರ ದಶಕದಲ್ಲಿ ಲಾಟರಿಯ ಹಣವನ್ನು ನೆಚ್ಚಿಕೊಂಡಿತು.

ಅತ್ತ ಫ್ರಾನ್ಸ್ 1989ರ ಕಾಯ್ದೆಯಲ್ಲಿ, ಪೋಷಕರು ಕೇಳಿದರೆ ಮೂರು ವರ್ಷದ ಮಗುವಿಗೆ ಜಾಗ ಕೊಡಲೇಬೇಕೆಂದಿತು. 2019ರಲ್ಲಿ ಮೂರನೇ ವಯಸ್ಸಿನಿಂದ ಶಿಕ್ಷಣ ಕಡ್ಡಾಯವಾಯಿತು. ಆ ವೇಳೆಗೆ ಆ ವಯಸ್ಸಿನ ಬಹುಪಾಲು ಮಕ್ಕಳು ಶಾಲೆಯಲ್ಲೇ ಇದ್ದುದರಿಂದ ಹೊಸ ಹೊರೆಯ ಚರ್ಚೆಯೆಲ್ಲ ಬೇರೆಯದು: ಸರ್ಕಾರದೊಂದಿಗೆ ಒಪ್ಪಂದವಿರುವ ಖಾಸಗಿ ಶಿಶುಶಾಲೆಗಳಿಗೂ ಊರಿನ ಆಡಳಿತಗಳು ಹಣ ಕೊಡಬೇಕಾಯಿತು. ಎರಡು ವರ್ಷಗಳ ತರುವಾಯ ಅಮೆರಿಕದ ಕೆಳಮನೆ ಮೂರು, ನಾಲ್ಕು ವರ್ಷದ ಎಲ್ಲ ಮಕ್ಕಳ ಉಚಿತ ಶಿಕ್ಷಣಕ್ಕೆ ಒಪ್ಪಿದರೂ ಮಸೂದೆ ಸೆನೆಟ್ಟಿನಲ್ಲಿ ನಿಂತುಹೋಯಿತು. ವರ್ಷಕ್ಕೆ ಸುಮಾರು 1,200 ಕೋಟಿ ಡಾಲರ್ ಪಡೆಯುವಷ್ಟು ಬೆಳೆದ ಹೆಡ್ ಸ್ಟಾರ್ಟ್ ಆರೋಗ್ಯ ಮತ್ತು ಮಾನವ ಸೇವೆಗಳ ಇಲಾಖೆಯಲ್ಲೇ ಮುಂದುವರಿಯಿತು.