ಕಲ್ಯಾಣದ ಮಿತಾಕ್ಷರ, ಟೆಕ್ಸಾಸಿನ ಉಯಿಲು

ನಮ್ಮೂರಿನ ತೋಟದ ಪಹಣಿಯಲ್ಲಿ ಇವತ್ತಿಗೂ ತಾತನ ಹೆಸರೇ ಇದೆ. ತಾತ ಹೋಗಿ 18 ವರ್ಷವಾಯಿತು. ಜಮೀನು ಎಷ್ಟು, ಯಾರದು ಅಂತ ಹೇಳುವ ಸರ್ಕಾರಿ ಕಾಗದವೇ ಪಹಣಿ. ತೀರಿಕೊಂಡವರ ಹೆಸರು ತೆಗೆಸಿ ವಾರಸುದಾರರ ಹೆಸರು ಸೇರಿಸುವುದಕ್ಕೆ ಪೌತಿ ಖಾತೆ ಅನ್ನುತ್ತಾರೆ. ಊರಿಗೆ ಹೋದಾಗಲೆಲ್ಲ ಅಪ್ಪ, ಚಿಕ್ಕಪ್ಪ ಅದರ ಮಾತು ಎತ್ತುತ್ತಾರೆ, ಅಷ್ಟರಲ್ಲಿ ರಜೆ ಮುಗಿದಿರುತ್ತದೆ. ಇನ್ನು ಉಯಿಲಿನ ಮಾತು ಎತ್ತಿದರಂತೂ ಅಮ್ಮನಿಂದ ಬರುವ ಉತ್ತರ ಒಂದೇ: "ಬಿಡ್ತು ಅನ್ನು!"

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳ ಎಷ್ಟೋ ಕನ್ನಡ ಮನೆಗಳ ಕಥೆ ಇದು. ಇಲ್ಲೊಂದು ಮನೆ, ಅಲ್ಲೊಂದು ಸೈಟು ಅಥವಾ ತೋಟ. ಉಯಿಲು ಇಲ್ಲದಿದ್ದರೆ ನೆಲ ಎಲ್ಲಿದೆಯೋ ಅಲ್ಲಿನ ಕಾನೂನೇ ಅದರ ಪಾಲು ಹಂಚುತ್ತದೆ. ಹಾಗಾಗಿ ನಿಮ್ಮ ಒಂದೇ ಮನೆಯನ್ನು ಎರಡು ಹಳೆಯ ಕಾನೂನುಗಳು ಆಳುತ್ತಿವೆ.

ಅವುಗಳಲ್ಲಿ ಒಂದು ನಮ್ಮ ನೆಲದಲ್ಲೇ ಹುಟ್ಟಿದ್ದು. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ (1076–1126) ಆಳುತ್ತಿದ್ದ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನ ಬರೆದ. ಅದೇ ಮಿತಾಕ್ಷರ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದಿತು ಅದು. ಬಂಗಾಳದ ದಾಯಭಾಗ ಪದ್ಧತಿಯಲ್ಲಿ ತಂದೆ ಸತ್ತ ಮೇಲೆಯೇ ಹಕ್ಕು. 1810ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ಅಧಿಕಾರಿ ಮಿತಾಕ್ಷರದ ದಾಯವಿಭಾಗದ ಭಾಗವನ್ನು ಅನುವಾದಿಸಿದ ಮೇಲೆ ಬ್ರಿಟಿಷ್ ಕೋರ್ಟುಗಳು ಅದನ್ನೇ ಹಿಡಿದು ತೀರ್ಪು ಕೊಟ್ಟವು. ಮಗಳಿಗೆ ಮಾತ್ರ ಆ ಹುಟ್ಟಿನ ಹಕ್ಕು ಇರಲಿಲ್ಲ.

ಟೆಕ್ಸಾಸಿನ ಕಾನೂನು ಸ್ಪೇನಿನಿಂದ ಬಂದದ್ದು. 1836ರಲ್ಲಿ ಮೆಕ್ಸಿಕೊದಿಂದ ಬಿಡಿಸಿಕೊಂಡ ಟೆಕ್ಸಾಸ್, 1840ರಲ್ಲಿ ಇಂಗ್ಲಿಷ್ ಕಾಮನ್ ಲಾ ಒಪ್ಪಿಕೊಂಡಿತು. ಆದರೆ ಗಂಡ ಹೆಂಡತಿಯ ಆಸ್ತಿಯ ವಿಷಯದಲ್ಲಿ ಸ್ಪ್ಯಾನಿಷ್ ಪದ್ಧತಿಯನ್ನು ಬಿಡಲಿಲ್ಲ. ಮದುವೆಯಾದ ಮೇಲೆ ದುಡಿದದ್ದು ಇಬ್ಬರಿಗೂ ಸಮ. ಈ ವಿಷಯದಲ್ಲಿ ಆಗಿನ ಇಂಗ್ಲೆಂಡಿಗಿಂತ ಟೆಕ್ಸಾಸೇ ವಾಸಿ ಅನ್ನಬೇಕು.

ಒಂದು ಕಾಕತಾಳೀಯ ನೋಡಿ. ಟೆಕ್ಸಾಸಿನ ಪ್ರೊಬೇಟ್ ಕೋಡ್ ಜಾರಿಗೆ ಬಂದದ್ದು 1956ರ ಜನವರಿ 1ರಂದು, ಭಾರತದ ಹಿಂದೂ ಉತ್ತರಾಧಿಕಾರ ಕಾಯ್ದೆ ಅದೇ ವರ್ಷದ ಜೂನ್ 17ರಂದು. ಕನ್ನಡನಾಡು ಒಂದಾದದ್ದೂ ಆ ವರ್ಷವೇ! (ಜೈನರು, ಲಿಂಗಾಯತರಿಗೂ ಈ ಕಾಯ್ದೆಯೇ. ಕ್ರೈಸ್ತ, ಮುಸ್ಲಿಂ ಕನ್ನಡಿಗರಿಗೆ ಬೇರೆ.)

ಮಗಳ ಹಕ್ಕಿನ ದಾರಿ ಬಹಳ ಉದ್ದವಾಯಿತು. ಮೈಸೂರು ಸಂಸ್ಥಾನ 1933ರಲ್ಲೇ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಕಾಯ್ದೆ ಮಾಡಿತ್ತು. 1994ರಲ್ಲಿ ಕರ್ನಾಟಕ ಮಗಳಿಗೂ ಹುಟ್ಟಿನ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ನಿಮ್ಮಲ್ಲಿ ಕೆಲವರ ಅತ್ತೆಯಂದಿರು ಪಾಲಿನ ಮಾತು ಬಂದಾಗ ಯಾಕೆ ಸುಮ್ಮನಾಗುತ್ತಾರೆ ಎನ್ನುವುದಕ್ಕೆ ಇದೂ ಒಂದು ಕಾರಣವಿರಬಹುದು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. 2020ರ ವಿನೀತಾ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದಿತು. ಪ್ಲೇನೋದಲ್ಲಿ ಹುಟ್ಟಿದ ಹುಡುಗಿಗೂ ಈ ಹಕ್ಕು ಸಲ್ಲುತ್ತದೆ. ಒಸಿಐ ಕಾರ್ಡಿನವರು ಕೃಷಿ ಭೂಮಿ ಕೊಳ್ಳುವಂತಿಲ್ಲ, ಆದರೆ ವಾರಸಾಗಿ ಬಂದರೆ ಪಡೆಯಬಹುದು.

ಈಗ ಉಯಿಲು ಬರೆಯದೆ ಅಪ್ಪ ತೀರಿಕೊಂಡರು ಅಂದುಕೊಳ್ಳಿ (ಬಿಡ್ತು). ಹಿಂದೆ ಅಮ್ಮ, ನೀವಿಬ್ಬರು ಮಕ್ಕಳು, ಊರಲ್ಲಿ ಅಜ್ಜಿ. ಮದುವೆಯಾದ ಮೇಲೆ ದುಡಿದು ಕೊಂಡ ಟೆಕ್ಸಾಸಿನ ಮನೆಯಲ್ಲಿ, ಮಕ್ಕಳೆಲ್ಲ ಆ ದಂಪತಿಗಳದೇ ಆಗಿದ್ದರೆ, ಅಪ್ಪನ ಅರ್ಧವೂ ಅಮ್ಮನಿಗೆ. ಮಗನ ಮನೆಯಲ್ಲಿ ಅಜ್ಜಿಗೆ ಏನೂ ಇಲ್ಲ. ಅಪ್ಪ ತಾನೇ ದುಡಿದು ಮೈಸೂರಿನಲ್ಲಿ ಕೊಂಡ ಸೈಟಾದರೆ ನಾಲ್ಕು ಸಮಪಾಲು: ಅಮ್ಮ, ನೀವಿಬ್ಬರು, ಅಜ್ಜಿ. ತೀರಿಕೊಂಡವರು ಒಬ್ಬರೇ, ಲೆಕ್ಕ ಎರಡು. ಮನಸ್ತಾಪ ಹುಟ್ಟುವುದು ಇಲ್ಲೇ.

ಉಯಿಲು ಬರೆದರೂ ತೊಡಕಿದೆ. ಟೆಕ್ಸಾಸಿನಲ್ಲಿ ಪೂರ್ತಿ ಕೈಬರಹದ, ಸಹಿ ಮಾಡಿದ ಉಯಿಲಿಗೆ ಸಾಕ್ಷಿಗಳೇ ಬೇಡ. ಭಾರತದಲ್ಲಿ ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಅಡುಗೆಮನೆಯ ಮೇಜಿನ ಮೇಲೆ ಅಪ್ಪ ಒಬ್ಬರೇ ಕೂತು ಬರೆದ ಕಾಗದ ಹ್ಯೂಸ್ಟನ್‌ನಲ್ಲಿ ನಡೆಯಬಹುದು, ಹಾಸನದಲ್ಲಿ ನಡೆಯದು. ಇನ್ನು ಕೆಲವರು ಎರಡು ದೇಶಕ್ಕೆ ಎರಡು ಉಯಿಲು ಮಾಡುತ್ತಾರೆ. ಅದು ಒಳ್ಳೆಯದೇ. ಆದರೆ "ಹಿಂದಿನ ಎಲ್ಲ ಉಯಿಲುಗಳನ್ನು ರದ್ದುಮಾಡಿದ್ದೇನೆ" ಎಂಬ ಸಿದ್ಧ ಸಾಲು ಎರಡನೆಯದರಲ್ಲಿ ನುಸುಳಿದರೆ ಮೊದಲನೆಯದು ಅಲ್ಲಿಗೇ ಹೋಯಿತು.

ಇಲ್ಲಿನ ವಕೀಲರಿಗೆ ಡಲ್ಲಾಸ್, ಹ್ಯಾರಿಸ್, ಟ್ರಾವಿಸ್ ಕೌಂಟಿಗಳ ಪ್ರೊಬೇಟ್ ಕೋರ್ಟುಗಳ ರೀತಿ ಗೊತ್ತಿರುತ್ತದೆ. ಉಯಿಲನ್ನು ಸಾಮಾನ್ಯವಾಗಿ ಸಾವಿನ 4 ವರ್ಷದೊಳಗೆ ಕೋರ್ಟಿಗೆ ಒಯ್ಯಬೇಕೆಂದು ಅವರೇ ಎಚ್ಚರಿಸುತ್ತಾರೆ. ಮಿತಾಕ್ಷರ, ಪಹಣಿ, ಪೌತಿ ಖಾತೆ ಅವರಿಗೆ ಗೊತ್ತಿರಬೇಕೆಂದು ನಿರೀಕ್ಷಿಸುವುದು ತಪ್ಪು. ಊರಲ್ಲಿ ಆಸ್ತಿ ಇದೆ ಎಂದು ಮೊದಲ ಭೇಟಿಯಲ್ಲೇ ಅವರಿಗೆ ತಿಳಿಸಿ, ಅಲ್ಲಿನ ವಕೀಲರೊಬ್ಬರಿಗೂ ಕರಡು ತೋರಿಸಬೇಕು.

ಕಳೆದ ತಿಂಗಳು ಅಪ್ಪನ ಹತ್ತಿರ ಉಯಿಲಿನ ಮಾತು ತೆಗೆಯಲಿಲ್ಲ. ತೋಟದ ಸರ್ವೆ ನಂಬರ್ ಎಷ್ಟು ಎಂದಷ್ಟೇ ಕೇಳಿದೆ. ಎದ್ದು ಹೋಗಿ ಹಳೆಯ ಟ್ರಂಕು ತೆಗೆದರು.