ಅಂಟಿಕೊಳ್ಳುವುದು: 119ನೇ ಕೀರ್ತನೆಯ ನಿಷ್ಠೆ

ಹೀಬ್ರೂ ಬೈಬಲ್ಲಿನ ಕೀರ್ತನೆಗಳಲ್ಲೆಲ್ಲ ಉದ್ದವಾದದ್ದು 119ನೆಯದು. ಹೀಬ್ರೂವಿನ 22 ಅಕ್ಷರಗಳಿಗೆ 22 ಖಂಡಗಳು, ಒಂದೊಂದು ಖಂಡದಲ್ಲೂ ಆಯಾ ಅಕ್ಷರದಿಂದಲೇ ಶುರುವಾಗುವ 8 ವಚನಗಳು, ಒಟ್ಟು 176. ಕವಿಯ ಹೆಸರಿಲ್ಲ. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು ಜೆರುಸಲೇಮಿನ ದೇವಾಲಯವನ್ನು ಸುಟ್ಟರು. ಸೆರೆಹೋದವರು ಮರಳಿದ ಮೇಲಿನ ಕಾಲದ ರಚನೆ ಇದು ಎಂಬುದು ಬಹಳ ವಿದ್ವಾಂಸರ ಅಭಿಪ್ರಾಯ. ಇಷ್ಟುದ್ದದ ಹಾಡಿನಲ್ಲಿ ದೇವಾಲಯದ ಪ್ರಸ್ತಾಪವಿಲ್ಲ, ದಾವೀದನ ವಂಶದ ಅರಸನೂ ಇಲ್ಲ. ಕವಿಯ ಕೈಯಲ್ಲಿರುವುದು 'ತೋರಾ' ಒಂದೇ.

ಈ ಪದಕ್ಕೆ ಮೂಲದಲ್ಲಿ ಉಪದೇಶ, ದಾರಿ ತೋರಿಸುವುದು ಎಂಬ ಅರ್ಥ. ಗ್ರೀಕ್ ಅನುವಾದಕರು ಅದನ್ನು 'ನೋಮೋಸ್', ಅಂದರೆ ಕಾನೂನು, ಎಂದರು. ಕನ್ನಡ ಬೈಬಲ್ಲಿನಲ್ಲಿ 'ಧರ್ಮಶಾಸ್ತ್ರ'ವಾಯಿತು. ಹೀಗಾಗಿ ಕವಿ ನಿಯಮಗಳ ಪುಸ್ತಕಕ್ಕೆ ಮರುಳಾದವನಂತೆ ಕಾಣುತ್ತಾನೆ. ನನಗಂತೂ ಅವನು ವಿದ್ಯಾರ್ಥಿ. ಕಲಿಸು, ತಿಳಿವು ಕೊಡು ಎಂದು ಮತ್ತೆ ಮತ್ತೆ ಬೇಡುತ್ತಾನೆ. ನಿಷ್ಠೆಯೂ ಅವನಿಗೆ ಕಲಿತು ಬರಬೇಕಾದದ್ದೇ.

ನಾಲ್ಕನೆಯ ಅಕ್ಷರ 'ದಾಲೆತ್'ನ ಖಂಡ ನೋಡಿ. ಮೊದಲ ವಚನದಲ್ಲಿ ಕವಿಯ ಜೀವ ಮಣ್ಣಿಗೆ ಅಂಟಿಕೊಂಡಿದೆ. ಏಳನೆಯದರಲ್ಲಿ ಅವನು ದೇವರ ಮಾತಿಗೆ ಅಂಟಿಕೊಂಡಿದ್ದಾನೆ. ಎರಡೂ ಕಡೆ ಕ್ರಿಯಾಪದ ಒಂದೇ, 'ದಾವಕ್'. ಅತ್ತೆ ನೊವೊಮಿಯನ್ನು ಬಿಡದ ರೂತಳಿಗೂ ಬೈಬಲ್ ಇದೇ ಪದ ಬಳಸುತ್ತದೆ. ನೆಲಕಚ್ಚಿದವನು ಮೊದಲು ಎದ್ದು ನಿಂತು ಆಮೇಲೆ ನಿಷ್ಠನಾದ ಎಂದು ಕವಿ ಹೇಳುವುದಿಲ್ಲ. ಬಿದ್ದಲ್ಲೇ ಅವನ ಹಿಡಿತ ಬದಲಾಗುತ್ತದೆ. ಸುತ್ತಲೂ ಅಧಿಕಾರಸ್ಥರು ಕೂತು ಅವನ ವಿರುದ್ಧ ಮಾತಾಡುತ್ತಿದ್ದಾರೆ. ಹೊಗೆಯಲ್ಲಿ ತೂಗಿಬಿಟ್ಟ ತೊಗಲ ಚೀಲಕ್ಕೆ ಅವನು ತನ್ನನ್ನು ಹೋಲಿಸಿಕೊಳ್ಳುತ್ತಾನೆ.

1956ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನಿನ 11ನೇ ಗುಹೆಯಲ್ಲಿ ಸಿಕ್ಕ ಕೀರ್ತನೆಗಳ ಸುರುಳಿಯಲ್ಲೂ ಈ ಹಾಡಿದೆ. ಉಳಿದ ಕೀರ್ತನೆಗಳನ್ನು ಗದ್ಯದಂತೆ ಒತ್ತಾಗಿ ಬರೆದ ಲಿಪಿಕಾರ, ಇದರ ವಚನಗಳನ್ನು ಮಾತ್ರ ಸಾಲುಸಾಲಾಗಿ ಬಿಡಿಸಿದ್ದಾನೆ. ಅಕ್ಷರಗಳ ಕ್ರಮ ಕಣ್ಣಿಗೆ ಬೀಳಲಿ ಎಂದೇ ಇರಬೇಕು.

ಇಷ್ಟು ಬಿಗಿಯಾದ ಕಟ್ಟಡದ ಕೊನೆಯ ವಚನದಲ್ಲಿ ಕವಿ ದಾರಿ ತಪ್ಪಿದ ಕುರಿ! ನಿನ್ನ ಆಜ್ಞೆಗಳನ್ನು ಮರೆತಿಲ್ಲ, ನೀನೇ ಹುಡುಕಿ ಬಾ ಎನ್ನುತ್ತಾನೆ.

ಯೆಹೂದ್ಯರಲ್ಲಿ ಸತ್ತವರ ಸ್ಮರಣೆಗೆ ಈ ಕೀರ್ತನೆಯಿಂದ ಅವರ ಹೆಸರಿನ ಅಕ್ಷರಗಳ ಖಂಡಗಳನ್ನು ಆರಿಸಿ ಓದುವ ರೂಢಿಯಿದೆ. ಮೋಶೆ ಎಂಬವನಿಗಾದರೆ ಮೇಮ್, ಶೀನ್, ಹೇ: ಮೂರು ಖಂಡ, 24 ವಚನ.