ಇಬ್ಬರು ಮೇಷ್ಟ್ರು

ಪಾಠ ಹೇಳುವವರಿಗೆ ಸಿನಿಮಾದಲ್ಲಿ ಮೇಷ್ಟ್ರ ಪಾತ್ರ ಬಂದರೆ ಕಣ್ಣು ಅಲ್ಲೇ ನೆಡುತ್ತದೆ. ನನಗೂ ಹಾಗೆಯೇ. ಬಿ.ಆರ್. ಪಂತುಲು ಅವರು 1958ರಲ್ಲಿ ನಿರ್ದೇಶಿಸಿ, ತಾವೇ ಮೇಷ್ಟ್ರಾಗಿ ನಟಿಸಿದ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನು ನಾನು ನೋಡಿದ್ದು ಬಹಳ ತಡವಾಗಿ, ಮನೆಯ ಟಿ.ವಿ.ಯಲ್ಲಿ. ಪ್ರಾಮಾಣಿಕ ಮೇಷ್ಟ್ರನ್ನು ಹೆತ್ತ ಮಕ್ಕಳೇ ಕೈಬಿಡುತ್ತಾರೆ. ಕೊನೆಗೆ ಕೈಹಿಡಿಯುವವನು ಹಳೆಯ ಶಿಷ್ಯ. ನೋಡುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದೆ. ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಈ ಪಂತುಲು ಅವರ ಕೈಕೆಳಗೆ ಸಹಾಯಕರಾಗಿ ಕೆಲಸ ಕಲಿತವರೇ ಪುಟ್ಟಣ್ಣ ಕಣಗಾಲ್. 1964ರಲ್ಲಿ ಅವರು ಗುರುವಿನ ಇದೇ ಕಥೆಯನ್ನು ಮಲಯಾಳದಲ್ಲಿ ನಿರ್ದೇಶಿಸಿದರು. ಮಕ್ಕಳು ನಾವು ಬರೆದುಕೊಟ್ಟ ಅಕ್ಷರದ ಮೇಲೆಯೇ ತಿದ್ದುವುದಿಲ್ಲವೇ, ಹಾಗೆ. ಆಮೇಲೆ ತಮ್ಮದೇ ದಾರಿ ಹಿಡಿದರು. ತ್ರಿವೇಣಿಯವರ ಕಾದಂಬರಿಗಳಿಂದ 1967ರಲ್ಲಿ ‘ಬೆಳ್ಳಿಮೋಡ’, 1971ರಲ್ಲಿ ‘ಶರಪಂಜರ’ ಬಂದವು. ಹೆಣ್ಣಿನ ಮನಸ್ಸೇ ಅವರ ಕಥಾವಸ್ತುವಾಯಿತು.

ಆದರೆ ಮೇಷ್ಟ್ರು ಅವರನ್ನು ಬಿಡಲಿಲ್ಲ. 1972ರ ‘ನಾಗರಹಾವು’ ಚಿತ್ರದಲ್ಲಿ ಚಾಮಯ್ಯ ಮೇಷ್ಟ್ರು ಬಂದರು. ಕಥೆ ತ.ರಾ.ಸು. ಅವರದು, ಪಾತ್ರ ಕೆ.ಎಸ್. ಅಶ್ವಥ್ ಅವರದು. ಈ ಮೇಷ್ಟ್ರೂ ಒಳ್ಳೆಯವರೇ. ಶಿಷ್ಯ ರಾಮಾಚಾರಿಯ ಮೇಲೆ ಅವರಿಗೆ ಪ್ರಾಣ. ಆದರೆ ಜಾತಿ, ಸಂಪ್ರದಾಯಗಳ ಹೆಸರು ಹೇಳಿ ಅವನು ಅಲಮೇಲುವನ್ನು ಬಿಡುವಂತೆ ಮಾಡುವವರೂ ಅವರೇ. ಅವಳ ಬಾಳು ಹಾಳಾಗುತ್ತದೆ. ಕೊನೆಗೆ ಮೇಷ್ಟ್ರೂ ಉಳಿಯುವುದಿಲ್ಲ, ಶಿಷ್ಯನೂ ಉಳಿಯುವುದಿಲ್ಲ. ಮೇಷ್ಟ್ರ ಋಣವನ್ನು ಊರು ಹೇಗೆ ತೀರಿಸಬೇಕೆಂದು ಗುರು ಕೇಳಿದ್ದರು. ಮೇಷ್ಟ್ರ ಮಾತಿಗೆ ಮಕ್ಕಳು ಎಷ್ಟು ಬೆಲೆ ತೆರಬೇಕೆಂದು ಶಿಷ್ಯ ಕೇಳಿದರು. ಗುರುವಿನ ಪ್ರಭಾವವೆಂದರೆ ಇದೇ ಎಂದು ನನಗೆ ತೋರುತ್ತದೆ. ಅದು ನಕಲಲ್ಲ, ಅದೇ ಪಾಠಕ್ಕೆ ಎತ್ತಿದ ಮರುಪ್ರಶ್ನೆ.

ಪುಟ್ಟಣ್ಣನವರ ಬಳಿ ಸಹಾಯಕರಾಗಿದ್ದ ಭಾರತಿರಾಜಾ 1977ರಲ್ಲಿ ತಮಿಳಿನಲ್ಲಿ ‘ಪದಿನಾರು ವಯದಿನಿಲೇ’ ತೆಗೆದರು. ಅದರ ನಾಯಕಿ ಹಳ್ಳಿಯ ಹುಡುಗಿ ಮಯಿಲು. ತಾನೇ ಟೀಚರ್ ಆಗಬೇಕೆಂಬುದು ಅವಳ ಕನಸು. ಆ ಕನಸು ಕೈಗೂಡುವುದಿಲ್ಲ.

ಇಂಥ ಕನಸಿನ ಹುಡುಗಿಯೊಬ್ಬಳು ನನಗೂ ಇದ್ದಳು. 1996ರ ಮಾತು. ಪಿ.ಯು.ಸಿ. ಮುಗಿಸಿ ಟಿ.ಸಿ.ಎಚ್. ಮಾಡಬೇಕೆಂದು ಹಟ ಹಿಡಿದಿದ್ದಳು. ಮನೆಯವರು ಗಂಡು ನೋಡಿಯಾಗಿತ್ತು. “ನೀವು ಹೇಳಿದರೆ ಕೇಳುತ್ತಾಳೆ ಟೀಚರ್, ಸ್ವಲ್ಪ ಬುದ್ಧಿ ಹೇಳಿ” ಎಂದು ಅವಳ ತಾಯಿ ಬಂದು ಬೇಡಿಕೊಂಡರು. ಹೇಳಿದೆ. ಅವಳು ಕೇಳಿದಳು. ಮದುವೆಯ ಊಟ ಮಾಡಿ, ಒಳ್ಳೆಯ ಕೆಲಸ ಮಾಡಿದೆನೆಂದು ಸಮಾಧಾನದಿಂದ ಮನೆಗೆ ಬಂದೆ.

2018ರಲ್ಲಿ ‘ನಾಗರಹಾವು’ ಹೊಸ ತಂತ್ರಜ್ಞಾನದಲ್ಲಿ ಮತ್ತೆ ಬಿಡುಗಡೆಯಾದಾಗ ಮಗಳೊಂದಿಗೆ ಹೋಗಿದ್ದೆ. ಚಾಮಯ್ಯ ಮೇಷ್ಟ್ರು ರಾಮಾಚಾರಿಯ ಮನಸ್ಸು ತಿರುಗಿಸುವ ದೃಶ್ಯ ಬಂದಾಗ ಪರದೆ ನೋಡಲಾಗದೆ ತಲೆ ತಗ್ಗಿಸಿದೆ.

ಮರುವರ್ಷ ಆ ಹುಡುಗಿ ತನ್ನ ಮಗಳನ್ನು ನಮ್ಮ ಶಾಲೆಗೆ ಸೇರಿಸಲು ಬಂದಳು. ಅದೇ ನಗು, ಅದೇ ವಿನಯ. ಅರ್ಜಿಗೆ ಸಹಿ ಹಾಕಿ ಎದ್ದವಳು ಮೆಲ್ಲಗೆ ಹೇಳಿದಳು: “ಇವಳು ಮುಂದೆ ಏನಾದರೂ ಓದುತ್ತೀನಿ ಅಂದರೆ, ಬೇಡ ಅನ್ನಬೇಡಿ ಟೀಚರ್.”

“ಇಲ್ಲಮ್ಮ” ಎಂದೆ. ಅದಕ್ಕಿಂತ ಹೆಚ್ಚು ಮಾತು ಹೊರಡಲಿಲ್ಲ.